ಹತ್ತು ಗೆದ್ದ ತಂಡ ನಾಲ್ಕನೆಯ ಸ್ಥಾನದಲ್ಲಿ ಏಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮಕ್ಕಳನ್ನೋ ಮೊಮ್ಮಕ್ಕಳನ್ನೋ ಅಲ್ಲಿಗೆ ಓದಲು ಕಳುಹಿಸಿರುವ ಮನೆಗಳಿಂದಲೇ ಹೆಚ್ಚಿನ ಪತ್ರಗಳು ಬಂದಿವೆ. ಇದು ನಮ್ಮ ಜಿಲ್ಲಾ ಕ್ರೀಡಾಂಗಣಗಳಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ, ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುನ್ನುಗ್ಗಬೇಕಾದ ಆಟ. ಉತ್ತರಗಳಿಗೆ ಲೆಕ್ಕ ಪೂರ್ತಿ ಮುಗಿದಿರುವ 2024ರ ಋತುವನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮೊಮ್ಮಗಳು ಕೊಲಂಬಸ್‌ನಲ್ಲಿರುವ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. 2024ರ ಋತುವಿನಲ್ಲಿ ತಮ್ಮ ತಂಡವೇ ರಾಷ್ಟ್ರೀಯ ಚಾಂಪಿಯನ್ ಆಯಿತು ಎನ್ನುತ್ತಾಳೆ. ಆದರೆ ಪಟ್ಟಿಯಲ್ಲಿ ನೋಡಿದರೆ ಆ ತಂಡ ತನ್ನ ಕಾನ್ಫರೆನ್ಸ್‌ನಲ್ಲಿ ನಾಲ್ಕನೆಯದು. ಹೆಸರಿನ ಮುಂದೆ 7–2 ಎಂದೂ 10–2 ಎಂದೂ ಎರಡು ಲೆಕ್ಕಗಳಿವೆ. ಇದರಲ್ಲಿ ಯಾವುದನ್ನು ನಂಬಬೇಕು?
— ಓದುಗರು, ಮೂಡಿಗೆರೆ

ಉತ್ತರ: ಎರಡೂ ಸರಿಯಾದ ಲೆಕ್ಕಗಳೇ, ನಿಮ್ಮ ಮೊಮ್ಮಗಳ ಮಾತೂ ಸರಿ. ಕಾಲೇಜು ತಂಡವೊಂದು ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಸಾಮಾನ್ಯವಾಗಿ ಹನ್ನೆರಡು ಪಂದ್ಯಗಳನ್ನು ಆಡುತ್ತದೆ. ಓಹಿಯೋ ಸ್ಟೇಟ್ ಇರುವುದು ಬಿಗ್ ಟೆನ್ ಎಂಬ ಕಾನ್ಫರೆನ್ಸ್‌ನಲ್ಲಿ. 1896ರಲ್ಲಿ ಏಳು ವಿಶ್ವವಿದ್ಯಾಲಯಗಳು ಕೂಡಿ ಆರಂಭಿಸಿದ ಆ ಕೂಟದಲ್ಲಿ 2024ರಿಂದ ಹದಿನೆಂಟು ಸದಸ್ಯರಿದ್ದಾರೆ. ಹನ್ನೆರಡು ಪಂದ್ಯಗಳ ಪೈಕಿ ಒಂಬತ್ತನ್ನು ಈ ಕೂಟದೊಳಗಿನ ತಂಡಗಳ ವಿರುದ್ಧ ಆಡಬೇಕು, ಉಳಿದ ಮೂರನ್ನು ಹೊರಗಿನ ತಂಡಗಳ ವಿರುದ್ಧ ಆಡಬಹುದು. 7–2 ಎಂದರೆ ಕೂಟದೊಳಗಿನ ಒಂಬತ್ತರಲ್ಲಿ ಏಳು ಗೆಲುವು, ಎರಡು ಸೋಲು. ಹೊರಗಿನವರ ವಿರುದ್ಧ ಆಡಿದ ಮೂರನ್ನೂ ಗೆದ್ದದ್ದರಿಂದ ಒಟ್ಟು ಲೆಕ್ಕ 10–2 ಆಯಿತು. ಕಾನ್ಫರೆನ್ಸ್‌ನ ಸ್ಥಾನ ನಿರ್ಧಾರವಾಗುವುದು ಮೊದಲನೆಯ ಲೆಕ್ಕದಿಂದ ಮಾತ್ರ. ಹೊರಗಿನ ದುರ್ಬಲ ತಂಡವನ್ನು ಎಷ್ಟೇ ಅಂತರದಿಂದ ಸೋಲಿಸಿದರೂ ಆ ಪಟ್ಟಿಯಲ್ಲಿ ಒಂದು ಮೆಟ್ಟಿಲೂ ಮೇಲೇರಲು ಆಗದು.

ಆ ವರ್ಷ ಒರೆಗಾನ್ 9–0, ಇಂಡಿಯಾನಾ ಮತ್ತು ಪೆನ್ ಸ್ಟೇಟ್ ತಲಾ 8–1, ಆಮೇಲೆ 7–2ರ ಓಹಿಯೋ ಸ್ಟೇಟ್. ಆದ್ದರಿಂದ ನಾಲ್ಕನೆಯ ಸ್ಥಾನ ಎಂಬುದು ಸರಿಯಾದ ಮಾಹಿತಿಯೇ. ಆದರೆ ಈ ನಾಲ್ಕು ಸಾಲುಗಳನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಹದಿನೆಂಟು ತಂಡಗಳ ಕೂಟದಲ್ಲಿ ಒಂಬತ್ತೇ ಪಂದ್ಯ ಎಂದರೆ ಪ್ರತಿ ತಂಡಕ್ಕೂ ಎದುರಾಗದೇ ಉಳಿಯುವ ತಂಡಗಳು ಎಂಟು. ಇಂಡಿಯಾನಾ ಆ ಋತುವಿನಲ್ಲಿ ಒರೆಗಾನ್ ತಂಡವನ್ನೂ ಎದುರಿಸಲಿಲ್ಲ, ಪೆನ್ ಸ್ಟೇಟ್ ತಂಡವನ್ನೂ ಎದುರಿಸಲಿಲ್ಲ. ಪೆನ್ ಸ್ಟೇಟ್‌ಗೂ ಲೀಗ್ ಹಂತದಲ್ಲಿ ಒರೆಗಾನ್ ಸಿಗಲಿಲ್ಲ. ಈ ನಾಲ್ಕರಲ್ಲಿ ಉಳಿದ ಮೂರೂ ತಂಡಗಳೊಂದಿಗೆ ಸೆಣಸಿದ್ದು ಓಹಿಯೋ ಸ್ಟೇಟ್ ಒಂದೇ: ಪೆನ್ ಸ್ಟೇಟ್ ಅನ್ನು ಅದರ ಅಂಗಳದಲ್ಲೇ 20–13ರಿಂದ, ಇಂಡಿಯಾನಾವನ್ನು 38–15ರಿಂದ ಮಣಿಸಿತು, ಒರೆಗಾನ್ ಎದುರು ಅಕ್ಟೋಬರ್ 12ರಂದು 31–32ರಿಂದ, ಅಂದರೆ ಒಂದೇ ಒಂದು ಅಂಕದಿಂದ ಸೋತಿತು. ಎರಡನ್ನು ಸೋಲಿಸಿದ ತಂಡ ಆ ಎರಡಕ್ಕಿಂತ ಕೆಳಗೆ ನಿಲ್ಲಬೇಕಾಗಿ ಬಂದದ್ದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನವೆಂಬರ್ 30ರ ಪಂದ್ಯ.

ಅಂದು ಓಹಿಯೋ ಸ್ಟೇಟ್‌ನ ಎದುರಾಳಿ ಮಿಷಿಗನ್. ಶತಮಾನಕ್ಕೂ ಹಳೆಯ ಪೈಪೋಟಿ ಇದು, ಋತುವಿನ ಕೊನೆಯ ಶನಿವಾರ ಆಡುವುದು ವಾಡಿಕೆ. ಆ ವರ್ಷ ಮಿಷಿಗನ್ ತೀರ ಸಾಧಾರಣ ತಂಡ, ಪಂದ್ಯ ನಡೆದದ್ದು ಓಹಿಯೋ ಸ್ಟೇಟ್‌ನ ತವರಿನಲ್ಲಿ. ಆದರೂ 10–10ರ ಸಮಬಲದಲ್ಲಿ ಸಾಗಿದ ಆಟದಲ್ಲಿ ಮಿಷಿಗನ್ ಇನ್ನು 45 ಸೆಕೆಂಡುಗಳಿದ್ದಾಗ ಫೀಲ್ಡ್ ಗೋಲ್ ಒದ್ದು, ಅಂದರೆ ಚೆಂಡನ್ನು ಗೋಲು ಕಂಬಗಳ ನಡುವೆ ಒದ್ದು, ಮೂರು ಅಂಕ ಗಳಿಸಿತು, 13–10ರಿಂದ ಗೆದ್ದಿತು. ಓಹಿಯೋ ಸ್ಟೇಟ್ ಅದೇ ಪಂದ್ಯದಲ್ಲಿ ಎರಡು ಫೀಲ್ಡ್ ಗೋಲ್ ಯತ್ನಗಳನ್ನು ಕೈಚೆಲ್ಲಿತ್ತು. ಅಂದು ಗೆದ್ದಿದ್ದರೆ ಅದರ ಲೆಕ್ಕವೂ 8–1 ಆಗುತ್ತಿತ್ತು. ಪೆನ್ ಸ್ಟೇಟ್, ಇಂಡಿಯಾನಾ ಎರಡನ್ನೂ ನೇರವಾಗಿ ಸೋಲಿಸಿದ್ದ ಕಾರಣ ಎರಡನೆಯ ಸ್ಥಾನ ಅದಕ್ಕೇ ದಕ್ಕಿ, ಕಾನ್ಫರೆನ್ಸ್ ಫೈನಲ್ ಆಡುವ ಅವಕಾಶವೂ ಸಿಗುತ್ತಿತ್ತು. ಆ ಒಂದು ಸೋಲು ತಂಡವನ್ನು ಎರಡರಿಂದ ನಾಲ್ಕಕ್ಕೆ ಇಳಿಸಿತು. ಫೈನಲ್‌ಗೆ ಹೋದ ಪೆನ್ ಸ್ಟೇಟ್ ಅಲ್ಲಿ 45–37ರಿಂದ ಒರೆಗಾನ್‌ಗೆ ಶರಣಾಯಿತು.

ರಾಷ್ಟ್ರೀಯ ಪ್ರಶಸ್ತಿಯ ದಾರಿ ಬೇರೆ. 2024ರಲ್ಲಿ ಮೊದಲ ಬಾರಿಗೆ ಹನ್ನೆರಡು ತಂಡಗಳ ಪ್ಲೇ ಆಫ್ ನಡೆಯಿತು, ಅದಕ್ಕೂ ಹಿಂದಿನ ಹತ್ತು ವರ್ಷ ನಾಲ್ಕೇ ತಂಡಗಳಿಗೆ ಅವಕಾಶವಿತ್ತು. ಎಂಟನೆಯ ಶ್ರೇಯಾಂಕದೊಂದಿಗೆ ಒಳಬಂದ ಓಹಿಯೋ ಸ್ಟೇಟ್, ಟೆನೆಸಿಯನ್ನು 42–17ರಿಂದ, ರೋಸ್ ಬೌಲ್‌ನಲ್ಲಿ ಅದೇ ಒರೆಗಾನ್ ಅನ್ನು 41–21ರಿಂದ, ಟೆಕ್ಸಸ್ ಅನ್ನು 28–14ರಿಂದ, ಕೊನೆಗೆ 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟ್ರ ಡೇಮ್ ಅನ್ನು 34–23ರಿಂದ ಸೋಲಿಸಿ ಪ್ರಶಸ್ತಿ ಎತ್ತಿತು. ಒಟ್ಟು ಲೆಕ್ಕ 14–2ಕ್ಕೆ ಏರಿತು, ಕಾನ್ಫರೆನ್ಸ್ ಲೆಕ್ಕ ಮಾತ್ರ 7–2ರಲ್ಲೇ ನಿಂತಿತು. ರೋಸ್ ಬೌಲ್‌ನಲ್ಲಿ ಒರೆಗಾನ್ ವಿರುದ್ಧ ತೀರಿಸಿಕೊಂಡ ಸೇಡು ಕೂಡ ಆ ಪಟ್ಟಿಗೆ ಸೇರುವುದಿಲ್ಲ, ಏಕೆಂದರೆ ಅದು ಪ್ಲೇ ಆಫ್ ಪಂದ್ಯ. ಹತ್ತು ಪಂದ್ಯ ಗೆದ್ದ ಒಳ್ಳೆಯ ತಂಡವನ್ನು ಒಂದು ಕೆಟ್ಟ ಶನಿವಾರದ ಕಾರಣಕ್ಕೆ ಮನೆಗೆ ಕಳುಹಿಸದ ಈ ಹೊಸ ವ್ಯವಸ್ಥೆ ಹಿಂದಿನದಕ್ಕಿಂತ ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಮಗ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. 2024ರಲ್ಲಿ ಅವರ ತಂಡ 1–11, ಕಾನ್ಫರೆನ್ಸ್‌ನಲ್ಲಿ 0–9. ಇಷ್ಟಾದರೂ ಪ್ರತಿ ಪಂದ್ಯಕ್ಕೂ ಹೋಗುತ್ತಿದ್ದೆ ಎನ್ನುತ್ತಾನೆ. ಇಷ್ಟು ಸೋತ ತಂಡದಲ್ಲಿ ನೋಡುವುದಾದರೂ ಏನಿರುತ್ತದೆ?
— ತಾಯಿಯೊಬ್ಬರು, ಹಾಸನ

ಉತ್ತರ: ಬಹಳಷ್ಟು ಇರುತ್ತದೆ ತಾಯಿ. ನಿಮ್ಮ ಮಗ ಹೋದದ್ದು ನನಗಂತೂ ಸಂತೋಷ ತಂದಿದೆ.

ಅಂಕಿಗಳನ್ನು ಮುಚ್ಚಿಡುವುದು ಬೇಡ. ಪರ್ಡ್ಯೂಗೆ ಅದು ಕಹಿಯಾದ ಋತು. ಮೊದಲ ಪಂದ್ಯದಲ್ಲಿ ಇಂಡಿಯಾನಾ ಸ್ಟೇಟ್ ಎಂಬ ಕೆಳಸ್ತರದ ತಂಡವನ್ನು 49–0ಯಿಂದ ಸೋಲಿಸಿದ್ದೇ ಏಕೈಕ ಗೆಲುವು. ಆಮೇಲೆ ನೋಟ್ರ ಡೇಮ್ ಎದುರು 7–66, ಕೊನೆಯ ಪಂದ್ಯದಲ್ಲಿ ನೆರೆಯ ಎದುರಾಳಿ ಇಂಡಿಯಾನಾ ವಿಶ್ವವಿದ್ಯಾಲಯದ ಎದುರು 0–66. ಋತು ಮುಗಿದ ಮರುದಿನವೇ ಮುಖ್ಯ ಕೋಚ್ ಅನ್ನು ಹುದ್ದೆಯಿಂದ ತೆಗೆಯಲಾಯಿತು.

ಆದರೆ ಅಕ್ಟೋಬರ್ 12ರ ಪಂದ್ಯವನ್ನು ನೋಡಿ. ಓಹಿಯೋ ಸ್ಟೇಟ್ ಒರೆಗಾನ್ ಎದುರು ಒಂದು ಅಂಕದಿಂದ ಸೋತ ಅದೇ ಶನಿವಾರ ಪರ್ಡ್ಯೂ ತಂಡ ಇಲಿನಾಯ್ ಅಂಗಳದಲ್ಲಿ ಆಡುತ್ತಿತ್ತು. ಮೂರನೆಯ ಕ್ವಾರ್ಟರ್‌ನಲ್ಲಿ 3–27ರಿಂದ ಹಿಂದಿತ್ತು. ಅಲ್ಲಿಂದ ಎದ್ದು ಬಂದ ತಂಡ ಕೊನೆಯ ನಿಮಿಷದಲ್ಲಿ 43–40ರ ಮುನ್ನಡೆ ಪಡೆಯಿತು. ಇಲಿನಾಯ್ ಗಡಿಯಾರ ನಿಲ್ಲುವ ಹೊತ್ತಿಗೆ ಫೀಲ್ಡ್ ಗೋಲ್ ಹೊಡೆದು ಸಮ ಮಾಡಿತು. ಹೆಚ್ಚುವರಿ ಅವಧಿಯಲ್ಲಿ ಇಲಿನಾಯ್ ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿದ್ದಕ್ಕೆ, ಆರು, ನಂತರದ ಒದೆತಕ್ಕೆ ಒಂದು, ಹೀಗೆ ಏಳು ಅಂಕ ಸೇರಿಸಿ 50ಕ್ಕೆ ತಲುಪಿತು. ಪರ್ಡ್ಯೂ ಕೂಡ ಟಚ್‌ಡೌನ್ ಗಳಿಸಿ 49 ಮಾಡಿತು. ಈಗ ಒದ್ದು ಒಂದು ಅಂಕ ಪಡೆದರೆ ಪಂದ್ಯ ಮುಂದುವರಿಯುತ್ತದೆ. ಮೂರು ಗಜ ದೂರದಿಂದ ಮತ್ತೊಮ್ಮೆ ಗೆರೆ ದಾಟಿಸಿದರೆ ಎರಡು ಅಂಕ, ಅಲ್ಲಿಗೆ ಗೆಲುವು. ಪರ್ಡ್ಯೂ ಎರಡನೆಯದನ್ನೇ ಆಯ್ದುಕೊಂಡಿತು. ಇಲಿನಾಯ್ ರಕ್ಷಣೆ ಚೆಂಡು ಹಿಡಿದಿದ್ದ ಕ್ವಾರ್ಟರ್‌ಬ್ಯಾಕ್‌ನನ್ನು (ದಾಳಿಯನ್ನು ಮುನ್ನಡೆಸುವ ಆಟಗಾರ) ಅಲ್ಲೇ ಕೆಡವಿತು, 50–49ಕ್ಕೆ ಪಂದ್ಯ ಮುಗಿಯಿತು. ಎದುರಾಳಿಯ ಊರಿನಲ್ಲಿ, ದಣಿದ ಹುಡುಗರನ್ನು ಇಟ್ಟುಕೊಂಡು, ಗೆಲ್ಲಲೆಂದೇ ಆಡಿದ ಆ ನಿರ್ಧಾರವನ್ನು ನಾನು ಈಗಲೂ ಮೆಚ್ಚುತ್ತೇನೆ. ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಸೋಲಿನ ಕಾಲಮಿನಲ್ಲಿ ಒಂದು ಎಂಬ ಅಂಕಿ ಮಾತ್ರ. ಮೂರು ವಾರಗಳ ಬಳಿಕ ನಾರ್ತ್‌ವೆಸ್ಟರ್ನ್ ಎದುರೂ ಪರ್ಡ್ಯೂ ಹೆಚ್ಚುವರಿ ಅವಧಿಯಲ್ಲೇ 20–26ರಿಂದ ಸೋತಿತು. 0–9 ಎಂಬ ಸಾಲಿನೊಳಗೆ 0–66 ಕೂಡ ಇದೆ, 49–50 ಕೂಡ ಇದೆ.

ಇನ್ನೊಂದು ಮಾತು. ಅದೇ ರಾಜ್ಯದ ಇಂಡಿಯಾನಾ ವಿಶ್ವವಿದ್ಯಾಲಯ 2023ರಲ್ಲಿ 3–9ರ ತಂಡವಾಗಿತ್ತು. ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ಬಂದ ಮೊದಲ ವರ್ಷದಲ್ಲೇ ಲೀಗ್ ಹಂತದಲ್ಲಿ 11–1 ಸಾಧಿಸಿ ಪ್ಲೇ ಆಫ್‌ಗೆ ಹೋಯಿತು. ಕೆಳಗಿನ ಸ್ಥಾನ ಅಲ್ಲಿ ಯಾರಿಗೂ ಶಾಶ್ವತವಲ್ಲ.

ಪ್ರಶ್ನೆ: ಇಬ್ಬರ ಗೆಲುವು-ಸೋಲು ಸಮನಾದರೆ ಮೇಲಿನ ಸ್ಥಾನ ಯಾರಿಗೆ? ಐಎಸ್‌ಎಲ್‌ನಲ್ಲಿರುವಂತೆ ಗೋಲು ವ್ಯತ್ಯಾಸ ನೋಡುತ್ತಾರೆಯೇ?
— ಪಿಯುಸಿ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಮೊದಲು ನೋಡುವುದು ಅವರಿಬ್ಬರ ನಡುವಿನ ಪಂದ್ಯವನ್ನು. 2024ರಲ್ಲಿ ಎಸ್‌ಇಸಿ ಕಾನ್ಫರೆನ್ಸ್‌ನಲ್ಲಿ ಜಾರ್ಜಿಯಾ ಮತ್ತು ಟೆನೆಸಿ ಎರಡೂ 6–2ರಲ್ಲಿ ನಿಂತವು. ಜಾರ್ಜಿಯಾ 31–17ರಿಂದ ಟೆನೆಸಿಯನ್ನು ಸೋಲಿಸಿದ್ದರಿಂದ ಫೈನಲ್‌ಗೆ ಅದೇ ಹೋಯಿತು, ಅಲ್ಲಿ ಟೆಕ್ಸಸ್ ಅನ್ನೂ 22–19ರಿಂದ ಮಣಿಸಿತು. ಇದು ಸುಲಭದ ಲೆಕ್ಕ.

ಇಬ್ಬರೂ ಪರಸ್ಪರ ಆಡದೇ ಇದ್ದಾಗ ಕಷ್ಟ ಶುರುವಾಗುತ್ತದೆ. ಮೇಲೆ ಹೇಳಿದ ಪೆನ್ ಸ್ಟೇಟ್ ಮತ್ತು ಇಂಡಿಯಾನಾ ಇದಕ್ಕೆ ಸರಿಯಾದ ಉದಾಹರಣೆ. ಎರಡೂ 8–1, ಎರಡೂ ಸೋತದ್ದು ಓಹಿಯೋ ಸ್ಟೇಟ್‌ಗೆ ಮಾತ್ರ. ಇಬ್ಬರಿಗೂ ಸಮಾನವಾಗಿ ಎದುರಾದ ತಂಡಗಳ ವಿರುದ್ಧದ ಲೆಕ್ಕ ನೋಡಿದರೆ ಅಲ್ಲಿಯೂ ಸಮ. ಕೊನೆಗೆ, ಇವರು ಎದುರಿಸಿದ ಒಂಬತ್ತು ತಂಡಗಳು ತಾವು ಎಷ್ಟು ಗೆದ್ದಿದ್ದವು ಎಂಬುದರ ಸರಾಸರಿ ತೆಗೆದಾಗ ಪೆನ್ ಸ್ಟೇಟ್‌ನ ಎದುರಾಳಿಗಳು ಹೆಚ್ಚು ಬಲಿಷ್ಠರೆಂದು ತೋರಿಬಂದು ಫೈನಲ್ ಸ್ಥಾನ ಆ ತಂಡಕ್ಕೆ ಸಿಕ್ಕಿತು. ಬಿಗ್ 12 ಕಾನ್ಫರೆನ್ಸ್‌ನಲ್ಲಂತೂ ಆ ವರ್ಷ ಅರಿಜೋನಾ ಸ್ಟೇಟ್, ಅಯೋವಾ ಸ್ಟೇಟ್, ಬಿವೈಯು, ಕೊಲೊರಾಡೊ ನಾಲ್ಕೂ 7–2ರಲ್ಲಿ ಬಂದು ನಿಂತವು. ನಾಲ್ಕೂ ತಂಡಗಳು ಉಳಿದ ಎಲ್ಲರೊಂದಿಗೂ ಆಡಿರದ ಕಾರಣ ನಿಯಮಾವಳಿಯಲ್ಲಿ ಮುಂದೆ ಮುಂದೆ ಹೋಗಿ ಅರಿಜೋನಾ ಸ್ಟೇಟ್ ಮತ್ತು ಅಯೋವಾ ಸ್ಟೇಟ್ ಅನ್ನು ಆರಿಸಬೇಕಾಯಿತು. ಋತುವಿಗೆ ಮುಂಚೆ ಹದಿನಾರು ತಂಡಗಳಲ್ಲಿ ಹದಿನಾರನೆಯದಾಗುತ್ತದೆ ಎಂದು ಪತ್ರಕರ್ತರು ಊಹಿಸಿದ್ದ ಅರಿಜೋನಾ ಸ್ಟೇಟ್ 45–19ರಿಂದ ಗೆದ್ದು ಚಾಂಪಿಯನ್ ಆಯಿತು.

ಅಂಕಗಳ ಅಂತರವನ್ನು ಆರಂಭದ ನಿಯಮಗಳಲ್ಲಿ ಎಲ್ಲಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಸರಿಯಾದ ನಡೆ. ಅಂತರಕ್ಕೆ ಬೆಲೆ ಕೊಟ್ಟರೆ ಬಲಿಷ್ಠ ತಂಡ ಬಿದ್ದ ತಂಡವನ್ನು ಇನ್ನೂ ತುಳಿಯಲು ನೋಡುತ್ತದೆ, ಕೊನೆಯ ಹತ್ತು ನಿಮಿಷ ಹೊಸ ಹುಡುಗರನ್ನು ಆಡಿಸುವ ಅಭ್ಯಾಸವೂ ನಿಂತುಹೋಗುತ್ತದೆ. ಇನ್ನು, ನಮ್ಮ ರಣಜಿಯಲ್ಲಿ ನೇರ ಗೆಲುವಿಗೆ ಆರು, ಮೊದಲ ಇನಿಂಗ್ಸ್ ಮುನ್ನಡೆಗೆ ಮೂರು ಎಂದು ಅಂಕ ಕೊಡುವಂಥ ಪದ್ಧತಿಯೇ ಇಲ್ಲಿಲ್ಲ; 1996ರಿಂದ ಹೆಚ್ಚುವರಿ ಅವಧಿ ಕಡ್ಡಾಯವಾಗಿರುವುದರಿಂದ ಡ್ರಾ ಕೂಡ ಇಲ್ಲ. ಗೆದ್ದೆಯೋ ಸೋತೆಯೋ, ಅಷ್ಟೇ.

ಪ್ರಶ್ನೆ: ಕಾನ್ಫರೆನ್ಸ್ ಸ್ಥಾನ, ರಾಷ್ಟ್ರೀಯ ರ‍್ಯಾಂಕಿಂಗ್ ಎರಡೂ ಒಂದೇ ಅಲ್ಲವೇ? ಫೈನಲ್ ಸೋತ ತಂಡವೂ ಪ್ಲೇ ಆಫ್‌ಗೆ ಹೋದದ್ದನ್ನು ಓದಿ ಗೊಂದಲವಾಯಿತು.
— ಓದುಗರು, ಚಿಕ್ಕಮಗಳೂರು

ಉತ್ತರ: ಒಂದೇ ಅಲ್ಲ. ಕಾನ್ಫರೆನ್ಸ್ ಸ್ಥಾನವನ್ನು ಮೈದಾನದ ಫಲಿತಾಂಶ ನಿರ್ಧರಿಸುತ್ತದೆ, ರ‍್ಯಾಂಕಿಂಗ್ ಅನ್ನು ಮನುಷ್ಯರು ಕೂತು ನಿರ್ಧರಿಸುತ್ತಾರೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 1936ರಿಂದ ಕ್ರೀಡಾ ಪತ್ರಕರ್ತರ ಮತ ಪಡೆದು ವಾರವಾರವೂ ಪಟ್ಟಿ ಪ್ರಕಟಿಸುತ್ತಿದೆ. ಪ್ಲೇ ಆಫ್‌ಗೆ ತಂಡಗಳನ್ನು ಆರಿಸುವುದು ಹದಿಮೂರು ಜನರ ಬೇರೊಂದು ಸಮಿತಿ. 2024ರಲ್ಲಿ ಆ ಸಮಿತಿ ಅತ್ಯುತ್ತಮ ರ‍್ಯಾಂಕಿಂಗ್‌ನ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ನೇರ ಪ್ರವೇಶ ಕೊಟ್ಟು, ಉಳಿದ ಏಳು ಸ್ಥಾನಗಳನ್ನು ತನ್ನ ವಿವೇಚನೆಯಿಂದ ತುಂಬಿತು.

ನೀವು ಓದಿರುವುದು ಎಸ್‌ಎಂಯು, ಅಂದರೆ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಬಗ್ಗೆ ಇರಬೇಕು. ಎಸಿಸಿ ಕಾನ್ಫರೆನ್ಸ್ ಸೇರಿದ ಮೊದಲ ವರ್ಷವೇ ಆ ತಂಡ 8–0 ಸಾಧಿಸಿ ಅಗ್ರಸ್ಥಾನ ಪಡೆಯಿತು. ಫೈನಲ್‌ನಲ್ಲಿ ಎದುರಾದ ಕ್ಲೆಮ್ಸನ್, ಅವಧಿ ಮುಗಿಯುವ ಕ್ಷಣದಲ್ಲಿ 56 ಗಜದ ಫೀಲ್ಡ್ ಗೋಲ್ ಹೊಡೆದು 34–31ರಿಂದ ಗೆದ್ದಿತು. ಕ್ಲೆಮ್ಸನ್ ಚಾಂಪಿಯನ್ ಆಗಿ ಒಳಹೋಯಿತು, ಎಸ್‌ಎಂಯುವನ್ನು ಸಮಿತಿ ಉಳಿದ ಏಳರಲ್ಲಿ ಸೇರಿಸಿತು, 9–3ರ ಅಲಬಾಮಾ ಹೊರಗುಳಿಯಿತು. ಪ್ಲೇ ಆಫ್‌ನಲ್ಲಿ ಎಸ್‌ಎಂಯು ಪೆನ್ ಸ್ಟೇಟ್‌ಗೆ 10–38ರಿಂದ ಸೋತಾಗ ಆಯ್ಕೆಯೇ ತಪ್ಪೆಂದು ಟೀಕಿಸಿದವರಿದ್ದರು. ನಾನು ಒಪ್ಪುವುದಿಲ್ಲ. ಕಾನ್ಫರೆನ್ಸ್‌ನಲ್ಲಿ ಒಂದೂ ಸೋಲದೆ ಫೈನಲ್‌ವರೆಗೆ ಬಂದ ತಂಡವನ್ನು, ಆ ಫೈನಲ್ ಆಡಿದ್ದಕ್ಕೇ ಶಿಕ್ಷಿಸಿದಂತೆ ಹೊರಹಾಕಿದ್ದರೆ ಇಡೀ ಋತುವಿನ ಫಲಿತಾಂಶಗಳಿಗೆ ಬೆಲೆಯೇ ಇರುತ್ತಿರಲಿಲ್ಲ.

ಕಾನ್ಫರೆನ್ಸೇ ಇಲ್ಲದ ತಂಡವೂ ಉಂಟು. ನೋಟ್ರ ಡೇಮ್ ಫುಟ್‌ಬಾಲ್‌ನಲ್ಲಿ ಯಾವ ಕೂಟಕ್ಕೂ ಸೇರಿಲ್ಲ, ಆದ್ದರಿಂದ ಅದಕ್ಕೆ ಸ್ಥಾನಪಟ್ಟಿಯೇ ಇಲ್ಲ, ಒಟ್ಟು ಲೆಕ್ಕ ಮಾತ್ರ. 2024ರ ಸೆಪ್ಟೆಂಬರ್‌ನಲ್ಲಿ ತವರಿನಲ್ಲೇ ನಾರ್ದರ್ನ್ ಇಲಿನಾಯ್ ಎದುರು 14–16ರಿಂದ ಸೋತು ತಲೆತಗ್ಗಿಸಿದ್ದ ಆ ತಂಡ, ಮುಂದೆ ಗೆಲ್ಲುತ್ತಲೇ ಹೋಗಿ ರಾಷ್ಟ್ರೀಯ ಫೈನಲ್ ಮುಟ್ಟಿತು.

ಪ್ರಶ್ನೆ: ಈ ಪಂದ್ಯಗಳು ನಮ್ಮ ಯಾವ ಹೊತ್ತಿಗೆ ನಡೆಯುತ್ತವೆ?
— ಓದುಗರು, ಬೇಲೂರು

ಉತ್ತರ: ಹೆಚ್ಚಿನವು ಅಲ್ಲಿನ ಶನಿವಾರ. ಅಮೆರಿಕದ ಪೂರ್ವ ಭಾಗದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಆರಂಭವಾಗುವ ಪಂದ್ಯ ನಮಗೆ ಶನಿವಾರ ರಾತ್ರಿ 9.30ಕ್ಕೆ, ಅಲ್ಲಿ ಸಂಜೆ 7.30ಕ್ಕೆ ಆರಂಭವಾಗುವುದು ನಮಗೆ ಭಾನುವಾರ ಬೆಳಗಿನ 5 ಗಂಟೆಗೆ. ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅಂದಿನಿಂದ ನಮಗೆ ಎಲ್ಲವೂ ಒಂದು ಗಂಟೆ ತಡ.

ಪ್ರಶ್ನೆ: ನಾನು ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕ. ನಮ್ಮ ಅಂತರಕಾಲೇಜು ಫುಟ್‌ಬಾಲ್‌ಗೂ ಇಂಥ ಸ್ಥಾನಪಟ್ಟಿಯ ಪದ್ಧತಿ ತರಲು ಸಾಧ್ಯವೇ?
— ಓದುಗರು, ಹಾಸನ

ಉತ್ತರ: ಸಾಧ್ಯವಿದೆ, ಆಗಲೇಬೇಕು ಎಂಬುದು ನನ್ನ ಆಸೆ. ನಮ್ಮ ಅಂತರಕಾಲೇಜು ಪಂದ್ಯಾವಳಿಗಳು ಸಾಮಾನ್ಯವಾಗಿ ಎರಡು-ಮೂರು ದಿನಗಳಲ್ಲಿ ನಾಕೌಟ್ ಮಾದರಿಯಲ್ಲಿ ಮುಗಿದುಹೋಗುತ್ತವೆ. ಅಲ್ಲಿಂದ ವಿಶ್ವವಿದ್ಯಾಲಯದ ತಂಡದ ಆಯ್ಕೆ, ಆಮೇಲೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯ ಪಂದ್ಯಾವಳಿ. ತಿಂಗಳುಗಟ್ಟಲೆ ಬೆಳಗಿನ ಚಳಿಯಲ್ಲಿ ಅಭ್ಯಾಸ ಮಾಡಿದ ಹುಡುಗರು ಮೊದಲ ಪಂದ್ಯದಲ್ಲೇ ಸೋತರೆ ಅವರ ವರ್ಷ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಹನ್ನೊಂದು ಪಂದ್ಯ ಸೋತ ಪರ್ಡ್ಯೂ ಹುಡುಗರಿಗೂ ಆಡಲು ಹನ್ನೆರಡು ಪಂದ್ಯಗಳಿದ್ದವು.

ಹಾಸನ, ಸಕಲೇಶಪುರ, ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಹೀಗೆ ಊರಿಗೊಂದರಂತೆ ಆರು ಕಾಲೇಜು ತಂಡಗಳನ್ನು ಇಟ್ಟುಕೊಳ್ಳಿ. ಪ್ರತಿಯೊಬ್ಬರೂ ಉಳಿದ ಐವರೊಂದಿಗೆ ಒಮ್ಮೊಮ್ಮೆ ಆಡಿದರೆ ಒಟ್ಟು ಹದಿನೈದು ಪಂದ್ಯ. ವಾರಕ್ಕೆ ಮೂರು ಪಂದ್ಯಗಳಂತೆ ಐದು ಶನಿವಾರಗಳಲ್ಲಿ ಮುಗಿಯುತ್ತದೆ. ಬೇರೆ ಊರುಗಳೆಲ್ಲ ಹಾಸನದಿಂದ ಐವತ್ತು ಕಿಲೋಮೀಟರ್ ಒಳಗೇ ಇವೆ. ಬೆಳಿಗ್ಗೆ ಬಸ್ಸಿಗೆ ಹೊರಟು, ಆಡಿ, ಸಂಜೆಗೆ ಮನೆ ಸೇರಬಹುದು, ವಸತಿಯ ಖರ್ಚಿಲ್ಲ. ಮಲೆನಾಡಿನ ಮಳೆ ಪೂರ್ತಿ ಬಿಟ್ಟ ಮೇಲೆ, ಸೆಮಿಸ್ಟರ್ ಪರೀಕ್ಷೆಗಳ ದಿನಾಂಕ ನೋಡಿಕೊಂಡು ಐದು ವಾರ ಗುರುತಿಸಿಕೊಂಡರೆ ಸಾಕು.

ಆರೇ ತಂಡಗಳಿರುವಾಗ ಎಲ್ಲರೂ ಎಲ್ಲರೊಂದಿಗೆ ಆಡುವುದರಿಂದ ಬಿಗ್ ಟೆನ್‌ನ ದೊಡ್ಡ ಕೊರತೆಯೇ ನಿಮ್ಮಲ್ಲಿ ಇರುವುದಿಲ್ಲ. ನಮ್ಮ ಫುಟ್‌ಬಾಲ್‌ನಲ್ಲಿ ಡ್ರಾ ಉಂಟಾದ್ದರಿಂದ ಗೆಲುವಿಗೆ ಮೂರು, ಡ್ರಾಗೆ ಒಂದು ಅಂಕ ಇರಲಿ. ಸಮನಾದಾಗ ಮೊದಲು ಪರಸ್ಪರ ಪಂದ್ಯ, ಅದೂ ಡ್ರಾ ಆಗಿದ್ದರೆ ಮಾತ್ರ ಗೋಲು ವ್ಯತ್ಯಾಸ ಎಂದು ಪಂದ್ಯಾವಳಿಗೆ ಮುಂಚೆಯೇ ಲಿಖಿತವಾಗಿ ಎಲ್ಲ ಕಾಲೇಜುಗಳಿಗೂ ಕೊಟ್ಟುಬಿಡಿ. ಪ್ರತಿ ಶನಿವಾರ ಸಂಜೆ ಪಟ್ಟಿಯನ್ನು ಆರೂ ಕಾಲೇಜುಗಳ ಸೂಚನಾ ಫಲಕದಲ್ಲಿ ಹಾಕಿಸಿ, ಸ್ಥಳೀಯ ಪತ್ರಿಕೆಗಳಿಗೂ ಕಳುಹಿಸಿ. ಈ ವರ್ಷ ಆರು ತಂಡ ಸಿಗದಿದ್ದರೆ ನಾಲ್ಕರಿಂದಲೇ ಆರಂಭಿಸಬಹುದು. ಆಗ ಬೇಕಾಗುವುದು ಆರು ಪಂದ್ಯ, ಮೂರು ಶನಿವಾರ.